ಹುಡುಗರಿಗೆ ರೊಟ್ಟಿ ಬಡಿಯೋದು ಕಲಿಸಿದ ನನ್ನ ಅನುಭವ

ಗಂಡುಹುಡುಗರ ಕೈಯಲ್ಲಿ ಜೋಳದ ರೊಟ್ಟಿ ಆಗಲ್ಲ ಅಂತ ಹೇಳಿದವರು ಒಬ್ಬರಿಬ್ಬರಲ್ಲ. ಧಾರವಾಡದಲ್ಲಿ ನನ್ನ ಹಾಗೆ ಖಾನಾವಳಿ ನಡೆಸುವವರು ಹೇಳಿದರು. ನನ್ನ ತವರಿನವರು ಹೇಳಿದರು. ನನ್ನಲ್ಲೇ ವರ್ಷಗಟ್ಟಲೆ ರೊಟ್ಟಿ ಬಡಿದ ಹೆಣ್ಣುಮಕ್ಕಳೂ "ಅಕ್ಕಾರ, ಸುಮ್ನ ಹಿಟ್ಟು ದಂಡ ಆಕ್ಕೈತ್ರಿ, ಬಿಡ್ರಿ" ಅಂದರು. ಈಗ ನನ್ನ ಅಡುಗೆಮನೆಯ ಮಧ್ಯಾಹ್ನದ ರೊಟ್ಟಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಹುಡುಗರೇ ಬಡಿಯುತ್ತಾರೆ. ಬೇಡ ಅಂದಿದ್ದ ಖಾನಾವಳಿಯವರಲ್ಲಿ ಇಬ್ಬರು ಈಚೆಗೆ ಬಂದು, ನಿಮ್ಮ ಹುಡುಗರನ್ನು ನಮ್ಮ ಕಡೆ ಕಳಿಸ್ತೀರಾ ಅಂತ ಕೇಳಿದ್ದಾರೆ. ಹಾಗಾಗಿ ಹೇಗೆ ಮಾಡಿದೆ ಅನ್ನೋದನ್ನು ಬರೆದಿಡುತ್ತಿದ್ದೇನೆ.

ರೊಟ್ಟಿ ಬಡಿಯುವವರು ಸಿಗಲ್ಲ ಅನ್ನೋದು ನಮ್ಮ ಕಸುಬಿನವರಿಗೆ ಹೊಸ ಮಾತಲ್ಲ. ಹಿಂಗಾರಿ ಜೋಳ, ಕಡಲೆಯ ಸುಗ್ಗಿ ಬಂತು ಅಂದರೆ ಅಣ್ಣಿಗೇರಿ, ನವಲಗುಂದ ಕಡೆಯ ಹೆಣ್ಣುಮಕ್ಕಳು ಊರಿಗೆ ಹೋಗುತ್ತಾರೆ. ಹೋಗಲೇಬೇಕು, ಅವರ ಹೊಲ ಅದು. ಒಂದು ವರ್ಷ ನನ್ನಲ್ಲಿದ್ದ ಮೂವರಲ್ಲಿ ಇಬ್ಬರು ಸುಗ್ಗಿಗೆ ಹೋದವರು ತಿರುಗಿ ಬರಲಿಲ್ಲ. ಮಧ್ಯಾಹ್ನ ಸುಮಾರು 90 ಜನ ಉಣ್ಣುತ್ತಿದ್ದರು. ತಲೆಗೆ ಎರಡೂವರೆ ರೊಟ್ಟಿ ಅಂದರೂ 220 ದಾಟುತ್ತದೆ. ಉಳಿದವಳು ಒಬ್ಬಳು. ಬೇರೆಯವರನ್ನು ಹುಡುಕಿದರೆ ದಿನಕ್ಕೆ 600 ರೂಪಾಯಿ, ಮೇಲೆ ಆಟೋ ಖರ್ಚು. ಕೊಡ್ತೀನಿ ಅಂದರೂ ಜನ ಇಲ್ಲ.

ಹೊರಗಿನಿಂದ ಖಡಕ್ ರೊಟ್ಟಿ ತರಿಸಿದೆ. ಒಂದಕ್ಕೆ 7 ರೂಪಾಯಿ ಬೀಳುತ್ತಿತ್ತು. ರೊಟ್ಟಿ ಚೆನ್ನಾಗಿಯೇ ಇದ್ದವು. ಆದರೆ ಖಾನಾವಳಿಗೆ ಬರುವವನಿಗೆ ಹೆಂಚಿನಿಂದ ಇಳಿದ ಬಿಸಿ ರೊಟ್ಟಿ ಬೇಕು, ಅಲ್ವಾ? ಎರಡು ತಿಂಗಳಲ್ಲಿ ತಿಂಗಳ ಲೆಕ್ಕದ ಊಟದವರು ಇಪ್ಪತ್ತರಷ್ಟು ಕಡಿಮೆಯಾದರು. ಬಾಡಿಗೆ ಮಾತ್ರ ಅಷ್ಟೇ ಇತ್ತು.

ಆಮೇಲೆ ಯಂತ್ರ. ಕೈಯಿಂದ ಒತ್ತುವಂಥದ್ದು, 18 ಸಾವಿರದ ಆಸುಪಾಸು ಕೊಟ್ಟು ತಂದೆ. ಮಾರುವವನು ತೋರಿಸುವಾಗ ಎಲ್ಲ ಚಂದ. ನನ್ನ ಹಿಟ್ಟು ಹಾಕಿ ಒತ್ತಿದರೆ ಅಂಚೆಲ್ಲ ಸೀಳು, ನಡುವೆ ದಪ್ಪ. ಗೋಧಿಹಿಟ್ಟು ಬೆರೆಸಿದರೆ ಸೀಳು ನಿಲ್ಲುತ್ತದೆ, ಆದರೆ ರುಚಿ ಹೋಗುತ್ತದೆ. ಕೈಯಲ್ಲಿ ಬಡಿಯುವಾಗ ರೊಟ್ಟಿ ತಿರುಗುತ್ತಾ ತಿರುಗುತ್ತಾ ಅಗಲವಾಗುತ್ತದೆ. ಒತ್ತಿದರೆ ಹಿಟ್ಟು ಒಂದೇ ಏಟಿಗೆ ಹರಿದು ಹೋಗುತ್ತದೆ. ನಾಲ್ಕು ತಿಂಗಳು ಇಟ್ಟುಕೊಂಡು ಅರ್ಧ ಬೆಲೆಗೆ ಮಾರಿದೆ.

ಸಪ್ತಾಪುರದ ರೂಮುಗಳಲ್ಲಿ ಇದ್ದುಕೊಂಡು ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವ ಹುಡುಗರು ನಿಮಗೆಲ್ಲ ಗೊತ್ತು. ಹಾವೇರಿ, ಕೊಪ್ಪಳ, ಬಾಗಲಕೋಟೆ ಕಡೆಯವರು. ವರ್ಷಗಟ್ಟಲೆ ಓದುತ್ತಾರೆ, ಮನೆಯಿಂದ ಬರುವ ದುಡ್ಡು ಸಾಲುವುದಿಲ್ಲ. ಅವರಲ್ಲಿ ಕೆಲವರು ಬೆಳಿಗ್ಗೆ ಎರಡು ತಾಸು ಏನಾದರೂ ಕೆಲಸ ಕೊಡ್ರಿ ಅಂತ ಕೇಳಿದರು. ಎರಡು ಹೊತ್ತಿನ ಊಟ ಪುಕ್ಕಟೆ, ಕೈಗೆ ದಿನಕ್ಕೆ 100 ರೂಪಾಯಿ ಅಂದೆ. ಒಪ್ಪಿದರು.

ಮೊದಲ ತಂಡಕ್ಕೆ ಎಲ್ಲರೂ ಕಲಿಸುವ ಹಾಗೇ ಕಲಿಸಿದೆವು. ಎಸರು ಇಡು, ಹಿಟ್ಟು ಕಲಸು, ನಾದು, ಉಂಡೆ ಮಾಡು, ಬಡಿ. ಹುಡುಗರು ಶಕ್ತಿವಂತರು, ನಾದಿದ್ದೇ ನಾದಿದ್ದು. ಆದರೆ ಬಡಿಯಲು ಕೂತರೆ ಒಂದು ಕಡೆ ತೆಳು, ಒಂದು ಕಡೆ ದಪ್ಪ. ಎತ್ತಿದರೆ ಹರಿಯುತ್ತದೆ. ಹೆಂಚಿಗೆ ಬಿದ್ದದ್ದೂ ಉಬ್ಬುವುದಿಲ್ಲ. ಬೆಳಿಗ್ಗೆಯೆಲ್ಲ ಒದ್ದಾಡಿ ಕೊನೆಗೆ ಕೈಯಲ್ಲಿ ನೆಟ್ಟಗಿರುವ ಒಂದು ರೊಟ್ಟಿಯೂ ಇಲ್ಲ. ಹೆಚ್ಚು ಕಡಿಮೆ 25 ಕೆ.ಜಿ. ಹಿಟ್ಟು ಎಮ್ಮೆಗೆ ಹೋಯಿತು. ಜೋಳ ಕೆ.ಜಿ.ಗೆ 50ರ ಮೇಲಿದ್ದ ಕಾಲ ಅದು, ಬೀಸುವ ಕೂಲಿ ಬೇರೆ. ಹದಿನೈದು ದಿನದೊಳಗೆ ಹುಡುಗರು ಒಬ್ಬೊಬ್ಬರಾಗಿ ನಿಂತರು. "ಅಕ್ಕಾರ, ಪಾತ್ರೆ ಬೇಕಾದರ ತಿಕ್ಕತೇವ್ರಿ, ಇದು ಬ್ಯಾಡ್ರಿ" ಅಂದರು.

ಆಗ ನೆನಪಾದವಳು ನಮ್ಮ ಸೋದರತ್ತೆ. ಗದಗ ಕಡೆ ಮದುವೆಮನೆಗಳಿಗೆ ಅಡುಗೆಗೆ ಹೋಗುತ್ತಿದ್ದಳು. ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆ ಇದೆಯಲ್ಲ, ಅದಕ್ಕೆ ಓಣಿಯ ಹೆಣ್ಣುಮಕ್ಕಳೆಲ್ಲ ಸೇರಿ ರೊಟ್ಟಿ ಬಡಿಯುವಾಗ ಅವಳೇ ಮುಂದೆ. ನನಗೆ ಅಡುಗೆಯ ಹುಚ್ಚು ಹಿಡಿಸಿದವಳು ಅವಳು. ನಾನು ಆಗ ಎಂಟೊಂಬತ್ತು ವರ್ಷದವಳು. ಅವಳು ನನ್ನ ಕೈಗೆ ಹಿಟ್ಟು ಕೊಡುತ್ತಿರಲಿಲ್ಲ. ಒದ್ದೆ ಅರಿವೆ ಕೊಡುತ್ತಿದ್ದಳು. ತಾನು ಬಡಿದು ಹೆಂಚಿಗೆ ಹಾಕುವುದು, ನಾನು ನೀರು ಸವರಿ, ತಿರುವಿ, ಉಬ್ಬಿಸುವುದು. ರೊಟ್ಟಿ ಬಡಿದವಳು ಅವಳು. ಆದರೆ ಉಬ್ಬಿಸಿದ್ದು ನಾನು. ಆ ಸಂತೋಷಕ್ಕೆ ಮರುದಿನ ಕರೆಯದೆಯೇ ಹೋಗಿ ಕೂರುತ್ತಿದ್ದೆ. ಮುಂದೆ ಯಾವಾಗ ಬಡಿಯಲು ಶುರು ಮಾಡಿದೆ ಅನ್ನೋದು ನೆನಪೇ ಇಲ್ಲ, ಅಷ್ಟು ಸಲೀಸಾಗಿ ಬಂತು.

ಎರಡನೇ ತಂಡಕ್ಕೆ ಅದನ್ನೇ ಹಿಡಿದೆ. ಕೊನೆಯ ಕೆಲಸ ಮೊದಲು, ಮೊದಲ ಕೆಲಸ ಕೊನೆಗೆ.

ಮೊದಲ ವಾರ ಹುಡುಗ ಒಲೆಯ ಹತ್ತಿರ ಮಾತ್ರ. ಬಡಿಯುವವಳು ಹೆಂಚಿಗೆ ಹಾಕಿಕೊಡುತ್ತಾಳೆ, ಇವನು ಮೇಲಿನ ಒಣಹಿಟ್ಟು ಹೋಗುವ ಹಾಗೆ ನೀರು ಸವರಬೇಕು. ಎಲ್ಲಾ ಕಡೆ ಒಂದೇ ಸಮ. ನೀರು ಆರುವ ಹೊತ್ತಿಗೆ ತಿರುವಬೇಕು. ಇಲ್ಲೇ ನೂರು ತಪ್ಪುಗಳಿವೆ. ನೀರು ಜಾಸ್ತಿಯಾದರೆ ಹೆಂಚಿಗೆ ಅಂಟುತ್ತದೆ, ತಡವಾದರೆ ಮೇಲೆ ಬಿರುಕು. ಆದರೆ ಈ ತಪ್ಪುಗಳಿಗೆ ಫಲ ಕಣ್ಣೆದುರಿಗೇ ಸಿಗುತ್ತದೆ. ಬಿರುಕಿದ್ದರೆ ಆವಿ ಸೋರುತ್ತದೆ, ರೊಟ್ಟಿ ಉಬ್ಬುವುದಿಲ್ಲ. ಯಾಕೆ ಅಂತ ನಾನು ಹೇಳಬೇಕಾಗಿಲ್ಲ. ಮೂರನೇ ದಿನಕ್ಕೋ ನಾಲ್ಕನೇ ದಿನಕ್ಕೋ ಹುಡುಗನೇ ಹೇಳುತ್ತಾನೆ. ಪೂರ್ತಿ ಉಬ್ಬಿದ ಮೊದಲ ರೊಟ್ಟಿ ಅವನದೇ ತಾಟಿಗೆ, ಮೇಲೆ ಬೆಣ್ಣೆ. ಇದು ನನ್ನ ಅಡುಗೆಮನೆಯ ಕಾಯ್ದೆ. ಬೆಣ್ಣೆಗೆ ದುಡ್ಡು ಹೋಗುತ್ತದೆ ನಿಜ, ಆದರೆ ಮರುದಿನ ಹುಡುಗ ಹೊತ್ತಿಗೆ ಮೊದಲೇ ಬಂದಿರುತ್ತಾನೆ.

ಎರಡನೇ ಮೆಟ್ಟಿಲು ಎತ್ತಿ ಹಾಕುವುದು. ಬಡಿದ ರೊಟ್ಟಿಯನ್ನು ಕಲ್ಲಿನಿಂದ ಎತ್ತಿ ಹೆಂಚಿಗೆ ಹಾಕುವುದರಲ್ಲಿ ಎಷ್ಟೋ ಜನ ಸೋಲುತ್ತಾರೆ. ಇದಕ್ಕೆ ನಾನು ಒಂದು ಉಪಾಯ ಕಂಡುಕೊಂಡಿದ್ದೇನೆ. ಅದನ್ನು ಬರೆಯುವುದಿಲ್ಲ, ಬಂದು ನೋಡಿದವರಿಗೆ ತೋರಿಸುತ್ತೇನೆ.

ಮೂರನೆಯದು ಕಡೆಯ ಸುತ್ತು. ಅಂಗೈ ಅಗಲದವರೆಗೆ ನಾನು ಬಡಿದು ಕೊಡುತ್ತೇನೆ, ಅಲ್ಲಿಂದ ಅಗಲ ಮಾಡುವುದು ಅವನ ಕೆಲಸ. ಆಮೇಲೆ ಬರಬರುತ್ತಾ ನಾನು ಬಡಿಯುವುದು ಕಡಿಮೆ, ಅವನು ಬಡಿಯುವುದು ಜಾಸ್ತಿ. ಅಂಚು ಮೊದಲು, ನಡು ಆಮೇಲೆ ಅನ್ನುವುದನ್ನು ಬಾಯಲ್ಲಿ ಹೇಳುವುದು ಬೇಡ. ಬಲಗೈ ಏಟು, ಎಡಗೈ ಅಂಚಿಗೆ ಆಸರೆ, ರೊಟ್ಟಿ ತಾನಾಗಿ ತಿರುಗಬೇಕು. ಶಬ್ದ ಕೇಳಿದರೆ ಗೊತ್ತಾಗುತ್ತದೆ. ಸರಿಯಾಗಿ ಬಡಿಯುವವರ ಶಬ್ದ ಒಂದೇ ಲಯದಲ್ಲಿರುತ್ತದೆ. ನಾನು ಪಲ್ಲೆ ಒಲೆಯ ಕಡೆ ಮುಖ ಮಾಡಿದ್ದರೂ ಯಾರ ರೊಟ್ಟಿ ಹರಿಯುತ್ತದೆ ಅಂತ ಹೇಳಬಲ್ಲೆ.

ನಾದುವುದು ನಾಲ್ಕನೆಯದು. ಎಸರು ಹಾಕಿ ಹಿಟ್ಟು ಕಲಸುವುದು ಎಲ್ಲಕ್ಕಿಂತ ಕೊನೆಗೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿ ಇಲ್ಲ, ಕುದಿಯುವ ನೀರೇ ಅದನ್ನು ಹಿಡಿದಿಡಬೇಕು. ಅಲ್ಲಿ ಕೈ ತಪ್ಪಿದರೆ ಮುಂದಿನದೆಲ್ಲ ತಪ್ಪು. ಇಷ್ಟು ಕಷ್ಟದ ಕೆಲಸವನ್ನು ಹೊಸಬನಿಗೆ ಮೊದಲ ದಿನ ಕೊಡುವುದು ನನಗಂತೂ ಸರಿ ಕಾಣುವುದಿಲ್ಲ. ಹದವಾದ ಹಿಟ್ಟನ್ನು ಒಂದು ತಿಂಗಳು ಮುಟ್ಟಿ ಗೊತ್ತಿದ್ದವನು, ತಾನು ಕಲಸಿದ್ದು ಸರಿಯೋ ತಪ್ಪೋ ಅಂತ ಬೆರಳಲ್ಲೇ ತಿಳಿಯುತ್ತಾನೆ. ಎಸರಿಗೆ ಉಪ್ಪಿನ ಜೊತೆ ನಾನು ಇನ್ನೊಂದು ಹಾಕುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ಚುರುಕಿದ್ದವನಿಗೆ ಒಂದೂವರೆ ತಿಂಗಳು, ನಿಧಾನದವನಿಗೆ ಮೂರು. ದಂಡವಾದ ಹಿಟ್ಟು ಒಬ್ಬನಿಗೆ 3-4 ಕೆ.ಜಿ. ದಾಟಿಲ್ಲ. ಯಾಕಂದರೆ ಮೊದಲ ಎರಡು ವಾರ ಅವನ ಕೈಯಲ್ಲಿ ಕೆಡುವಷ್ಟು ಕೆಲಸವೇ ಇರುವುದಿಲ್ಲ, ಬಡಿದದ್ದು ಗಿರಾಕಿಗೇ ಹೋಗುತ್ತದೆ.

ಟಿವಿ ನೋಡಿ ಅಡುಗೆ ಕಲಿಯೋದಿಲ್ಲ ಅನ್ನುವವರ ಪೈಕಿ ನಾನಲ್ಲ. 1993ರಲ್ಲಿ ಸಂಜೀವ್ ಕಪೂರ್ ಝೀ ಟಿವಿಗೆ ಬಂದಾಗ ನಮ್ಮ ಓಣಿಯಲ್ಲಿ ಹಿಂದಿ ಬಾರದವರೂ ಕೂತು ನೋಡುತ್ತಿದ್ದರು. ಆ ಮನುಷ್ಯ ನಗುನಗುತ್ತಾ ಮಾಡುವುದು ನೋಡಿದರೆ ನಮಗೂ ಆಗುತ್ತದೆ ಅನಿಸುತ್ತಿತ್ತು. ಗಂಡಸು ಅಡುಗೆ ಮಾಡಿದರೆ ಅದು ಮರ್ಯಾದೆಯ ಕೆಲಸ ಅನ್ನುವುದನ್ನು ನಮ್ಮ ಮನೆಗಳಿಗೆ ತಂದವರಲ್ಲಿ ಅವರೂ ಒಬ್ಬರು. ನನ್ನ ಹುಡುಗನೊಬ್ಬ ಮೊಬೈಲಿನಲ್ಲಿ ಅಮೆರಿಕದ ಜೂಲಿಯಾ ಚೈಲ್ಡ್ ಅವರ ಹಳೆಯ ಕಪ್ಪುಬಿಳುಪು ಕಾರ್ಯಕ್ರಮ ತೋರಿಸಿದ. 37ನೇ ವಯಸ್ಸಿಗೆ ಪ್ಯಾರಿಸ್ಸಿನ ಅಡುಗೆ ಶಾಲೆ ಸೇರಿದವರು, 1963ರಲ್ಲಿ ಟಿವಿಗೆ ಬಂದವರು. ಆಲೂಗಡ್ಡೆಯನ್ನು ಬಾಣಲೆಯಲ್ಲಿ ತಿರುವಲು ಹೋಗಿ ಚೆಲ್ಲಿದಾಗ, ಎತ್ತಿ ಮತ್ತೆ ಬಾಣಲೆಗೆ ಹಾಕಿ ಮುಂದುವರಿಸುತ್ತಾರೆ. ಅದನ್ನು ಹುಡುಗರು ಎಷ್ಟು ಸಲ ನೋಡಿದರೋ. ರೊಟ್ಟಿ ಹರಿದರೆ ಮುಖ ಸಣ್ಣ ಮಾಡುವುದು ಆಮೇಲೆ ಕಡಿಮೆಯಾಯಿತು. ಅವರಿಬ್ಬರಿಂದಲೂ ನನಗೆ ಸಿಕ್ಕಿದ್ದು ಇದು: ಕಲಿಸುವವರ ಮುಖದಲ್ಲಿ ಹೆದರಿಕೆ ಇರಬಾರದು. ಅವರು ಪರದೆಯ ಆ ಕಡೆ ಇರುತ್ತಾರೆ, ಬಿಸಿ ಹೆಂಚಿನ ಮುಂದೆ ಹುಡುಗನ ಪಕ್ಕದಲ್ಲಿ ನಿಲ್ಲುವ ಕೆಲಸ ನನ್ನದು.

ನಡುವೆ ಬೇರೆ ಬೇರೆ ಪ್ರಯೋಗ ಮಾಡಿದೆ. ಹಿಟ್ಟು ಎಷ್ಟು ಹಳೆಯದಾದರೆ ಹೊಸಬರಿಗೆ ಕಷ್ಟ ಅಂತ ನೋಡಿದೆ. ಬೀಸಿ ಎರಡು ಮೂರು ದಿನದ ಹಿಟ್ಟು ಸಲೀಸು. ಹದಿನೈದು ದಿನ ದಾಟಿದರೆ ಜಿಗಿ ಹೋಗುತ್ತದೆ, ಅದು ಪಳಗಿದ ಕೈಗಷ್ಟೇ. ಈಗ ಕಲಿಯುವವರಿಗೆ ಅಂತ ವಾರಕ್ಕೆ ಎರಡು ಸಲ ಬೀಸಿಸುತ್ತೇನೆ. ಜೋಳ ಮಾಲದಂಡಿಯೇ ಆಗಬೇಕು, ಎರೆಹೊಲದ್ದು. ಅಗ್ಗದ ಮುಂಗಾರಿ ಹೈಬ್ರಿಡ್ ಜೋಳ ತಂದು ಕಲಿಸಿ ನೋಡಿದೆ. ಕೆ.ಜಿ.ಗೆ 20 ರೂಪಾಯಿ ಉಳಿಯಿತು, ರೊಟ್ಟಿ ಉಳಿಯಲಿಲ್ಲ. ಸಂಕ್ರಾಂತಿಗೆ ಸಜ್ಜಿ ರೊಟ್ಟಿಯನ್ನೂ ಹುಡುಗರಿಂದ ಮಾಡಿಸಿದೆ, ಮೇಲೆ ಎಳ್ಳು ಹಚ್ಚಿ. ಸಜ್ಜಿ ಹಿಟ್ಟು ಬೇಗ ಕಹಿಯಾಗುತ್ತದೆ, ಅಂದಂದಿನದು ಅಂದೇ ಮುಗಿಸಬೇಕು.

ಎಣ್ಣೆಗಾಯಿಗೂ ಇದೇ ದಾರಿ ಹಿಡಿದೆ. ಮೊದಲು ಬೆಂದ ಬದನೆಕಾಯಿಯ ಗ್ರೇವಿಗೆ ಹದ ನೋಡುವುದು, ಆಮೇಲೆ ತುಂಬುವುದು, ಕೊನೆಗೆ ಮಸಾಲೆ ಹುರಿಯುವುದು. ಇದು ಅರ್ಧ ಗೆದ್ದಿತು. ಹುರಿಯುವುದನ್ನು ಕೊನೆಗೆ ಕಲಿತವರು ಗುರೆಳ್ಳು, ಶೇಂಗಾ ಸುಡುತ್ತಾರೆ, ಯಾಕಂದರೆ ಹುರಿಯುವ ವಾಸನೆ ಅವರ ಮೂಗಿಗೆ ಪರಿಚಯ ಇರುವುದಿಲ್ಲ. ಪಲ್ಲೆಗೆ ಹುರಿಯುವುದೇ ಮೊದಲ ಪಾಠ ಆಗಬೇಕು ಅನಿಸುತ್ತದೆ. ಅದರ ನೆಪದಲ್ಲಿ ಬ್ಯಾಡಗಿಗೆ ಹೋಗಿ ಡಬ್ಬಿ, ಕಡ್ಡಿ ಎರಡೂ ಮೆಣಸಿನಕಾಯಿ ತಂದು ನೋಡಿದೆವು. ಬಣ್ಣಕ್ಕೆ ಡಬ್ಬಿಯೇ ಸರಿ, ಖಾರ ಬೇಕಾದರೆ ಬೇರೆ ಮೆಣಸಿನಕಾಯಿ ಸೇರಿಸಿಕೊಳ್ಳಿ.

ದುಡ್ಡಿನ ಮಾತು. ಮೊದಲ ಆರು ತಿಂಗಳಲ್ಲಿ ಹಿಟ್ಟು, ಬೆಣ್ಣೆ, ಜಾಸ್ತಿ ಉರಿದ ಗ್ಯಾಸು, ಹುಡುಗರ ಊಟ ಎಲ್ಲ ಸೇರಿ 40 ಸಾವಿರದ ಹತ್ತಿರ ಹಾಕಿದ್ದೇನೆ. ಈಗ ಬಡಿಯಲು ಬಂದ ಹುಡುಗನಿಗೆ ರೊಟ್ಟಿಗೆ 3 ರೂಪಾಯಿ ಲೆಕ್ಕ, ಊಟ ಬೇರೆ. ಎರಡು ತಾಸಿಗೆ 70-80 ರೊಟ್ಟಿ ಬಡಿಯುತ್ತಾನೆ. ಅವನ ರೂಮ್ ಬಾಡಿಗೆ ಹೊರಡುತ್ತದೆ, ನನಗೆ ಸುಗ್ಗಿಯ ಚಿಂತೆ ಇಲ್ಲ. ಉಳಿದಿದ್ದ ಹೆಣ್ಣುಮಗಳಿಗೆ ಸಂಬಳ ಏರಿಸಿ, ಕಲಿಸುವ ಕೆಲಸ ಒಪ್ಪಿಸಿದ್ದೇನೆ. ಹಿಟ್ಟು ದಂಡ ಅಂದವಳೂ ಅವಳೇ. ಈಗ ಹೊಸ ಹುಡುಗ ಬಂದರೆ ಒದ್ದೆ ಅರಿವೆ ಕೈಗೆ ಕೊಡುವವಳೂ ಅವಳೇ.

ಹುಡುಗರಿಗೆ ಕೆಲಸ ಸಿಕ್ಕರೆ ಹೋಗಿಬಿಡುತ್ತಾರಲ್ಲ ಅಂತ ಕೇಳುತ್ತಾರೆ. ಹೋಗಲಿ ಅಂತಲೇ ನನ್ನ ಆಸೆ. ಪೊಲೀಸ್ ಕೆಲಸ ಸಿಕ್ಕು ಹೋದವನೊಬ್ಬ ಕ್ವಾರ್ಟರ್ಸಿನಲ್ಲಿ ದಿನಾ ತಾನೇ ರೊಟ್ಟಿ ಬಡಿದುಕೊಳ್ಳುತ್ತಾನೆ, ಫೋಟೋ ಕಳಿಸುತ್ತಾನೆ. ಇನ್ನೊಬ್ಬ ಊರಲ್ಲಿ ತಂಗಿಗೆ ಇದೇ ರೀತಿ ಕಲಿಸಿದನಂತೆ. ಹೋಗುವ ಮೊದಲು ಒಬ್ಬನಿಗಾದರೂ ಕಲಿಸಿ ಹೋಗಬೇಕು, ಅಷ್ಟೇ ನನ್ನ ಕರಾರು.

ಈಗ ಹೋಳಿಗೆಗೆ ಕೈ ಹಾಕಿದ್ದೇವೆ, ಯುಗಾದಿಯೊಳಗೆ ಆಗಬೇಕು. ಬೇಯಿಸುವುದು, ಎತ್ತಿ ಹಾಕುವುದು ಹುಡುಗರಿಗೆ ಬಂದಿದೆ. ಲಟ್ಟಿಸುವಾಗ ಅಂಚಿನಲ್ಲಿ ಹೂರಣ ಒಡೆದು ಹೊರಗೆ ಬರುತ್ತಿದೆ. ಕಣಕ ನಾಲ್ಕು ತಾಸು ನೆನೆಸಿ ನೋಡಿದೆ, ಸ್ವಲ್ಪ ವಾಸಿ. ಈ ವಾರ ಎಣ್ಣೆ ಜಾಸ್ತಿ ಮಾಡಿ ನೋಡುತ್ತೇನೆ.