ಹಲ್ಲಿನ ಕ್ಲಿನಿಕ್: ಗ್ಲೌಸ್ ಹಾಕಿದ ಕೈ ಎಲ್ಲಿಗೆಲ್ಲ ಹೋಗುತ್ತದೆ?

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿಯಲ್ಲೂ, ಸಣ್ಣ ಹಲ್ಲಿನ ಕ್ಲಿನಿಕ್ ಅಂದರೆ ಒಬ್ಬ ಡಾಕ್ಟರು, ಒಬ್ಬರೋ ಇಬ್ಬರೋ ಸಹಾಯಕರು. ಫೋನ್ ಎತ್ತುವುದು, ದುಡ್ಡು ತೆಗೆದುಕೊಳ್ಳುವುದು, ಬಾಯಿಯ ನೀರು ಎಳೆಯುವ ಸಕ್ಷನ್ ಕೊಳವೆ ಹಿಡಿಯುವುದು ಎಲ್ಲ ಅವರೇ. ಹೊಸಬರಿಗೆ ಕೆಲಸ ಹೇಳಿಕೊಡುವಾಗ ನಾನು ಮತ್ತೆ ಮತ್ತೆ ನೋಡುವ ತಪ್ಪು ಒಂದೇ: ಗ್ಲೌಸ್ ಹಾಕಿದರೆ ಎಲ್ಲ ಸರಿಯಾಯಿತು ಅಂದುಕೊಳ್ಳುವುದು.

ಆರೋಗ್ಯವಾಗಿರುವವರಲ್ಲೂ ನೂರಕ್ಕೆ ಸುಮಾರು 20ರಿಂದ 30 ಜನರ ಮೂಗಿನಲ್ಲಿ ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಇರುತ್ತದೆ. ಜ್ವರವಿಲ್ಲ, ನೋವಿಲ್ಲ, ಅವರಿಗೆ ಗೊತ್ತೂ ಆಗುವುದಿಲ್ಲ. ಕೆಲವರಲ್ಲಿ ಹಲವು ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಎಂಆರ್‌ಎಸ್‌ಎ ತಳಿಯೂ ಇರಬಹುದು. ಹಾಗಂತ ಯಾರನ್ನೂ ಅನುಮಾನದಿಂದ ನೋಡಬೇಕಿಲ್ಲ. ಮೂಗಿನಿಂದ ಕೈಗೆ, ಕೈಯಿಂದ ಹಲ್ಲು ಕಿತ್ತ ಹಸಿ ಗಾಯಕ್ಕೆ ಇರುವ ದಾರಿಯನ್ನು ಮುಚ್ಚಬೇಕು, ಅಷ್ಟೇ. ಈ ಬ್ಯಾಕ್ಟೀರಿಯಾಕ್ಕೆ ಕೊಡುವ ಮ್ಯುಪಿರೋಸಿನ್ ಮುಲಾಮನ್ನು ಮೆಡಿಕಲ್ ಶಾಪಿನಿಂದ ಸುಮ್ನೆ ತಂದು ಮೂಗಿಗೆ ಹಚ್ಚಿಕೊಳ್ಳಬೇಡಿ. ಬೇಕಾಬಿಟ್ಟಿ ಬಳಸಿದರೆ ಅದಕ್ಕೂ ಬಗ್ಗದ ತಳಿ ಬೆಳೆಯುತ್ತದೆ.

ಹಂತ 1: ಬಳೆ, ಉಂಗುರ, ವಾಚು ತೆಗೆದಿಡಿ. ಉಗುರು ಗಿಡ್ಡವಿರಲಿ.

ಹಂತ 2: ಕೈ ತೊಳೆಯಿರಿ. ಸೋಪು ನೀರಾದರೆ 40ರಿಂದ 60 ಸೆಕೆಂಡು. ಕೈಯಲ್ಲಿ ಕೊಳೆ ಕಾಣದಿದ್ದರೆ ಸ್ಯಾನಿಟೈಸರ್ ಸಾಕು, 20ರಿಂದ 30 ಸೆಕೆಂಡು ಉಜ್ಜಿ. ಹೆಬ್ಬೆರಳು ಮತ್ತು ಬೆರಳ ತುದಿ ಮರೆಯಬೇಡಿ. ಆಲ್ಕೋಹಾಲ್ ಎಷ್ಟಿದೆ ಎಂದು ಬರೆಯದ, ಬರೀ ಪರಿಮಳದ ಬಾಟಲಿ ಕೊಳ್ಳಬೇಡಿ. ಶೇ 60ಕ್ಕಿಂತ ಕಡಿಮೆ ಇದ್ದರೆ ಪ್ರಯೋಜನವಿಲ್ಲ. ಬೇಸಿನ್ ಪಕ್ಕದ ಬಟ್ಟೆ ಟವೆಲ್ ಇವತ್ತೇ ತೆಗೆಯಿರಿ. ನಮ್ಮ ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ. ಪೇಪರ್ ಟವೆಲ್ ದುಬಾರಿ ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ.

ಹಂತ 3: ಗ್ಲೌಸ್. ಎಲ್ಲರೂ ಎಡವುವುದು ಇಲ್ಲೇ. ಗ್ಲೌಸ್ ಹಾಕಿದ ಕೈಯನ್ನು ಹತ್ತು ನಿಮಿಷ ಗಮನಿಸಿ ನೋಡಿ. ರೋಗಿಯ ಬಾಯಿಂದ ಲೈಟಿನ ಹಿಡಿಕೆಗೆ, ಅಲ್ಲಿಂದ ಡ್ರಾಯರ್‌ಗೆ, ಮೊಬೈಲ್‌ಗೆ, ಜಾರಿದ ಮಾಸ್ಕಿಗೆ, ಮತ್ತೆ ಬಾಯಿಗೆ. ಗ್ಲೌಸ್ ಕಾಯುತ್ತಿರುವುದು ಹಾಕಿಕೊಂಡವರ ಚರ್ಮವನ್ನು ಮಾತ್ರ. ರೋಗಿಗೆ ಏನು ಸಿಕ್ಕಿತು?

ಅದಕ್ಕೇ ಗ್ಲೌಸ್ ಹಾಕುವ ಮೊದಲೇ ಬೇಕಾದದ್ದನ್ನೆಲ್ಲ ಟ್ರೇಗೆ ಜೋಡಿಸಿ: ಕನ್ನಡಿ, ಹಲ್ಲು-ಒಸಡು ಪರೀಕ್ಷಿಸುವ ಕಡ್ಡಿ (ಪ್ರೋಬ್), ಹತ್ತಿ, ಅರಿವಳಿಕೆಯ ಇಂಜೆಕ್ಷನ್. ಕವಳ (ಎಲೆಯಡಿಕೆ) ಹಾಕಿಕೊಂಡು ಬಂದವರಿಗೆ ಮೊದಲೇ ಬಾಯಿ ಮುಕ್ಕಳಿಸಿ ಬರಲು ಹೇಳಿ. ಲೈಟಿನ ಹಿಡಿಕೆಗೆ, ಕುರ್ಚಿಯ ಸ್ವಿಚ್ಚಿಗೆ ತೆಳು ಪ್ಲಾಸ್ಟಿಕ್ ಸುತ್ತಿ, ಪ್ರತಿ ರೋಗಿಗೂ ಬದಲಿಸಿ. ಮಾಸ್ಕಿನ ತಂತಿಯನ್ನು ಮೂಗಿಗೆ ಸರಿಯಾಗಿ ಒತ್ತಿಕೊಂಡ ಮೇಲೆಯೇ ಗ್ಲೌಸ್. ಗದ್ದಕ್ಕೆ ಇಳಿಸಿದ ಮಾಸ್ಕನ್ನು ಮತ್ತೆ ಏರಿಸಬೇಡಿ, ಹೊಸದು ಹಾಕಿ. ಮಧ್ಯದಲ್ಲಿ ಡ್ರಾಯರ್‌ನಿಂದ ಏನಾದರೂ ಬೇಕಾದರೆ ಇನ್ನೊಬ್ಬರು ತೆಗೆದುಕೊಡಲಿ. ಇನ್ನೊಬ್ಬರು ಇಲ್ಲದಿದ್ದರೆ ಗ್ಲೌಸ್ ತೆಗೆಯಿರಿ, ಕೈ ಉಜ್ಜಿ, ವಸ್ತು ತನ್ನಿ, ಮತ್ತೆ ಕೈ ಉಜ್ಜಿ, ಹೊಸ ಜೊತೆ ಹಾಕಿ. ಫೋನ್ ರಿಂಗ್ ಆಗುತ್ತಿರಲಿ ಬಿಡಿ.

ಗ್ಲೌಸ್ ಮೇಲೆಯೇ ಸ್ಯಾನಿಟೈಸರ್ ಹಚ್ಚಿ ಮುಂದಿನ ರೋಗಿಗೆ ಹೋಗುವುದನ್ನೂ ನೋಡಿದ್ದೇನೆ. ಖಂಡಿತ ಬೇಡ. ಅದು ಒಂದೇ ಸಲ ಬಳಸುವ ವಸ್ತು, ಆಲ್ಕೋಹಾಲ್ ಅದನ್ನು ಕೆಡಿಸುತ್ತದೆ.

ತೆಗೆಯುವಾಗ ಒಂದು ಗ್ಲೌಸನ್ನು ಮಣಿಕಟ್ಟಿನ ಹತ್ತಿರ ಹೊರಗಿನಿಂದ ಹಿಡಿದು ಒಳಮಗ್ಗುಲು ಹೊರಗೆ ಬರುವಂತೆ ಎಳೆಯಿರಿ. ಅದನ್ನು ಇನ್ನೊಂದು ಕೈಯ ಮುಷ್ಟಿಯಲ್ಲಿಟ್ಟುಕೊಂಡು, ಬರಿಗೈ ಬೆರಳನ್ನು ಉಳಿದ ಗ್ಲೌಸಿನ ಒಳಗೆ ತೂರಿಸಿ ಹಾಗೇ ಮಗುಚಿ. ತಕ್ಷಣ ಕೈ ತೊಳೆಯಿರಿ. ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಒಳಗೆ ಬೆವರಿದ ಕೈಯಲ್ಲಿ ಬ್ಯಾಕ್ಟೀರಿಯಾ ಜಾಸ್ತಿಯಾಗುತ್ತವೆ. ಪೌಡರ್ ಇಲ್ಲದ ನೈಟ್ರೈಲ್ (ಕೃತಕ ರಬ್ಬರ್) ಗ್ಲೌಸೇ ತರಿಸಿ. ಚರ್ಮ ಒಡೆದರೆ ಅಲ್ಲೂ ಬ್ಯಾಕ್ಟೀರಿಯಾ ನೆಲೆಸುತ್ತವೆ. ತೆಂಗಿನೆಣ್ಣೆ ರಾತ್ರಿ ಮನೆಯಲ್ಲಿ ಹಚ್ಚಿಕೊಳ್ಳಿ, ಕೆಲಸದ ಹೊತ್ತಿನಲ್ಲಿ ಬೇಡ. ಎಣ್ಣೆ ತಾಗಿದರೆ ಲೇಟೆಕ್ಸ್ (ನೈಸರ್ಗಿಕ ರಬ್ಬರ್) ಗ್ಲೌಸ್ ಹಾಳಾಗುತ್ತದೆ.

ಹಂತ 4: ಬಳಸಿದ ಗ್ಲೌಸ್ ಕೆಂಪು ಚೀಲಕ್ಕೆ, ರಕ್ತದ ಹತ್ತಿ ಹಳದಿಗೆ, ಸೂಜಿ ಬಿಳಿ ಡಬ್ಬಿಗೆ. ಆಸ್ಪತ್ರೆ ತ್ಯಾಜ್ಯದ ಬಗೆಗಿನ 2016ರ ನಿಯಮ ಹೇಳುವುದೂ ಇದನ್ನೇ.

ಹಂತ 5: ಉಪಕರಣಗಳನ್ನು ದಪ್ಪ ಗ್ಲೌಸ್ ಹಾಕಿ ಉಜ್ಜಿ ತೊಳೆದು, ಒಣಗಿಸಿ, ಪೌಚಿನಲ್ಲಿಟ್ಟು ಆಟೋಕ್ಲೇವ್ (ಒತ್ತಡದ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರ) ಒಳಗಿಡಿ. ನೀರಲ್ಲಿ ಕುದಿಸಿದರೆ ಬ್ಯಾಕ್ಟೀರಿಯಾದ ಬೀಜಕಣಗಳು (ಸ್ಪೋರ್) ಸಾಯುವುದಿಲ್ಲ. ಮಳೆಗಾಲದಲ್ಲಿ ಅರ್ಧಕ್ಕೇ ಕರೆಂಟ್ ಹೋಯಿತಾ? ಇಡೀ ಸೈಕಲ್ ಮೊದಲಿಂದ ಶುರು ಮಾಡಿ. ಹಸಿಯಾಗಿ ಹೊರಬಂದ ಪೌಚನ್ನು ಕಪಾಟಿಗೆ ಸೇರಿಸಬೇಡಿ. ಒದ್ದೆ ಕಾಗದದ ಮೂಲಕ ಬ್ಯಾಕ್ಟೀರಿಯಾ ಒಳಗೆ ಹೋಗುತ್ತವೆ. ಪೌಚಿಗೆ ಅಂಟಿಸುವ ಸೂಚಕ ಟೇಪಿನ ಬಣ್ಣ ಬದಲಾದರೆ ಬಿಸಿ ತಾಗಿದೆ ಎಂದಷ್ಟೇ ಅರ್ಥ. ಬೀಜಕಣಗಳು ನಿಜಕ್ಕೂ ಸಾಯುತ್ತಿವೆಯೇ ಎಂದು ತಿಳಿಯಲು ವಾರಕ್ಕೊಮ್ಮೆ ಸ್ಪೋರ್ ಪರೀಕ್ಷೆ ಮಾಡಿಸಿ.

ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಎಲ್ಲರಿಗೂ ಆಗಿರಬೇಕು. ಡಾಕ್ಟರುಗಳಿಗೆ ಒಂದು ಮಾತು: ಸಹಾಯಕರ ಬೆರಳಿಗೆ ಕುರುವಾಗಿ ಕೀವು ತುಂಬಿದ್ದರೆ ವಾಸಿಯಾಗುವವರೆಗೆ ಅವರು ರಿಜಿಸ್ಟರ್ ನೋಡಿಕೊಳ್ಳಲಿ. ಆ ದಿನಗಳ ಸಂಬಳ ಮಾತ್ರ ಕಡಿಯಬೇಡಿ. ಕಡಿದರೆ ಮುಂದಿನ ಸಲ ಅವರು ಬೆರಳನ್ನು ಗ್ಲೌಸಿನೊಳಗೆ ಮುಚ್ಚಿಟ್ಟುಕೊಂಡೇ ಕೆಲಸಕ್ಕೆ ನಿಲ್ಲುತ್ತಾರೆ.