ಹೈಡ್ರೋಜನ್ ಗೆರೆಗಳನ್ನು ನಾನೇ ಅಳೆದಾಗ

ನಡುವೆ ನ್ಯೂಕ್ಲಿಯಸ್, ಸುತ್ತ ಎಲೆಕ್ಟ್ರಾನ್‌ಗಳ ಉಂಗುರಗಳು. ಪರಮಾಣುವಿನ ಈ ಚಿತ್ರವನ್ನು ಬರೆಯದವರು ಯಾರಿದ್ದಾರೆ? ಆದರೆ ಆ ಉಂಗುರಗಳು ಇಂತಿಷ್ಟೇ ದೂರದಲ್ಲಿ ಯಾಕಿರಬೇಕು ಅನ್ನೋದು ನನ್ನ ಮನಸ್ಸಿಗೆ ಇಳಿದದ್ದು ಚಿತ್ರ ನೋಡಿ ಅಲ್ಲ. ರಟ್ಟಿನ ಡಬ್ಬಿಯಲ್ಲಿ ಒಂದು ರೋಹಿತದರ್ಶಕ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ತೋರಿಸುವ ಸಾಧನ) ಮಾಡಿಕೊಂಡು, ಹೈಡ್ರೋಜನ್ ಬೆಳಕನ್ನು ಅಳೆದ ಮೇಲೆ.

ಡಬ್ಬಿಯ ಒಂದು ಬದಿಯಲ್ಲಿ ಎರಡು ಬ್ಲೇಡ್ ಅಂಟಿಸಿ, ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟೆ. ಇನ್ನೊಂದು ಬದಿಗೆ ಡಿವಿಡಿ ತುಂಡು. ಡಿವಿಡಿಯ ಎರಡು ಪದರ ಬಿಡಿಸಿ, ಹೊಳೆಯುವ ಲೇಪವನ್ನು ಟೇಪ್ ಹಚ್ಚಿ ಕಿತ್ತರೆ ಪಾರದರ್ಶಕ ತುಂಡು ಸಿಗುತ್ತದೆ. ಅದರ ಗೀರುಗಳ ನಡುವಿನ ಅಂತರ 0.74 ಮೈಕ್ರೋಮೀಟರ್. ಸಿಡಿಯಲ್ಲಿ 1.6 ಇರುವುದರಿಂದ ಬಣ್ಣಗಳು ಅಷ್ಟು ಹರಡುವುದಿಲ್ಲ. ಡಿವಿಡಿ ಹಸಿರು ಬೆಳಕನ್ನು ಸುಮಾರು 48 ಡಿಗ್ರಿ ತಿರುಗಿಸುತ್ತದೆ, ಕೆಂಪನ್ನು ಇನ್ನೂ ಜಾಸ್ತಿ. ಹಾಗಾಗಿ ಮೊಬೈಲ್ ಕ್ಯಾಮೆರಾವನ್ನು ನೇರವಾಗಿ ಇಡಬಾರದು, ಓರೆಯಾಗಿಯೇ ಇಡಬೇಕು.

ಮೊದಲು ಸಿಎಫ್‌ಎಲ್ ಬಲ್ಬ್ ನೋಡಿದೆ. ಅದರೊಳಗಿನ ಪಾದರಸದ 436 ನ್ಯಾನೋಮೀಟರ್ ತರಂಗಾಂತರದ ನೀಲಿ ಗೆರೆ, 546ರ ಹಸಿರು ಗೆರೆ, ಬಲ್ಬಿನ ಒಳಲೇಪದಿಂದ ಬರುವ 611ರ ಕೆಂಪು ಗೆರೆ ಚೆನ್ನಾಗಿ ಕಂಡವು. ಫೋಟೋದಲ್ಲಿ ಇವು ಎಲ್ಲಿ ಬಿದ್ದಿವೆ ಅಂತ ಗುರುತಿಸಿಕೊಂಡರೆ ಅದೇ ನಮ್ಮ ಅಳತೆಪಟ್ಟಿ. ಆಮೇಲೆ ಕ್ಯಾಮೆರಾ, ಡಬ್ಬಿ ಯಾವುದನ್ನೂ ಅಲುಗಾಡಿಸದೆ ಪ್ರಯೋಗಾಲಯದ ಹೈಡ್ರೋಜನ್ ಕೊಳವೆಯನ್ನು ಎದುರಿಗೆ ಇಟ್ಟೆವು. ಅದಕ್ಕೆ ಸಾವಿರಾರು ವೋಲ್ಟ್ ಬೇಕು. ಗೊತ್ತಿರುವವರು ಪಕ್ಕದಲ್ಲಿಲ್ಲದೆ ಅದರ ಹತ್ತಿರ ಹೋಗಲೇಬೇಡಿ.

ಕಾಮನಬಿಲ್ಲಿನ ಹಾಗೆ ಬಣ್ಣಗಳ ಸಾಲಿಲ್ಲ. ಕಪ್ಪು ಹಿನ್ನೆಲೆ, ಅದರಲ್ಲಿ ಮೂರೇ ಗೆರೆ: ಕೆಂಪು, ಹಸಿರು-ನೀಲಿ, ನೇರಳೆ. ನನ್ನ ಅಳತೆಯಲ್ಲಿ ಸುಮಾರು 655, 487, 434 ಬಂತು. ನಿಜವಾದ ಬೆಲೆ 656.3, 486.1, 434.0.

1885ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನ ಶಾಲಾ ಮೇಷ್ಟ್ರು ಬಾಮರ್ ಈ ಅಂಕಿಗಳಲ್ಲೇ ಒಂದು ಲೆಕ್ಕ ಕಂಡುಹಿಡಿದರು. 364.5ನ್ನು 9/5, 16/12, 25/21ರಿಂದ ಗುಣಿಸಿ ನೋಡಿ. ಮೂರೂ ಗೆರೆ ಸಿಗುತ್ತವೆ! ಯಾಕೆ ಹಾಗೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. 1911ರಲ್ಲಿ ರುದರ್‌ಫೋರ್ಡ್ ನ್ಯೂಕ್ಲಿಯಸ್ ಇದೆ ಎಂದರು. ಆದರೆ ಅದರ ಸುತ್ತ ತಿರುಗುವ ಎಲೆಕ್ಟ್ರಾನ್, ಹಳೆಯ ನಿಯಮದ ಪ್ರಕಾರ, ಬೆಳಕು ಚೆಲ್ಲುತ್ತಾ ಕ್ಷಣದಲ್ಲೇ ಒಳಗೆ ಬಿದ್ದುಬಿಡಬೇಕಿತ್ತು. 1913ರಲ್ಲಿ ಬೋರ್, ಎಲೆಕ್ಟ್ರಾನ್‌ಗೆ ಕೆಲವು ಶಕ್ತಿಮಟ್ಟಗಳು ಮಾತ್ರ ಸಾಧ್ಯ, ಮೇಲಿನ ಮಟ್ಟದಿಂದ ಕೆಳಗಿಳಿದಾಗ ಆ ವ್ಯತ್ಯಾಸವೇ ಬೆಳಕಾಗಿ ಹೊರಬರುತ್ತದೆ ಎಂದರು. ಹೈಡ್ರೋಜನ್‌ನಲ್ಲಿ ಎರಡನೇ ಮಟ್ಟಕ್ಕೂ ಮೂರನೆಯದಕ್ಕೂ ವ್ಯತ್ಯಾಸ 13.6 × (1/4 − 1/9), ಅಂದರೆ 1.89 ಎಲೆಕ್ಟ್ರಾನ್ ವೋಲ್ಟ್ (ಪರಮಾಣುಗಳ ಶಕ್ತಿ ಅಳೆಯುವ ಮಾನ). ಈ ಶಕ್ತಿಯನ್ನು ನ್ಯಾನೋಮೀಟರ್ ತರಂಗಾಂತರಕ್ಕೆ ಬದಲಿಸಲು 1240ನ್ನು ಅದರಿಂದ ಭಾಗಿಸಿದರೆ 656. ನನ್ನ ಫೋಟೋದಲ್ಲಿದ್ದ ಅದೇ ಕೆಂಪು ಗೆರೆ. ಕಾಗದದ ಮೇಲೆ ಈ ಅಂಕಿ ಬಂದಾಗ ಆದ ಖುಷಿ ಹೇಳತೀರದು. ಉಂಗುರಗಳು ಸುಮ್ನೆ ಬರೆದದ್ದಲ್ಲ ಅಲ್ವಾ!

ಬೋರ್ ಲೆಕ್ಕ ಹೀಲಿಯಂಗೆ ಹೊಂದಲಿಲ್ಲ. 1926ರ ಶ್ರೋಡಿಂಗರ್ ಸಮೀಕರಣದಲ್ಲಿ ಉಂಗುರಗಳೇ ಇಲ್ಲ. ಆದರೂ ಹೈಡ್ರೋಜನ್‌ನ ಆ ಶಕ್ತಿಮಟ್ಟಗಳು ಅಲ್ಲೂ ಅವೇ.

ನೀವೂ ಮಾಡುವುದಾದರೆ ಸಂದಿನ ಮೇಲೆ ಜಾಸ್ತಿ ಗಮನ ಕೊಡಿ. ಸಂದು ಕಿರಿದಾದಷ್ಟೂ ಗೆರೆ ಚೂಪು. 1931ರಲ್ಲಿ ಹೆರಾಲ್ಡ್ ಯೂರಿ ಈ ಗೆರೆಗಳ ಪಕ್ಕದಲ್ಲೇ ಇನ್ನೊಂದು ಮಸುಕು ಗೆರೆ ಹಿಡಿದು, ಭಾರದ ಹೈಡ್ರೋಜನ್ ಆದ ಡ್ಯೂಟೀರಿಯಂ ಕಂಡುಹಿಡಿದರು. ಕೆಂಪು ಗೆರೆಯಲ್ಲಿ ಆ ವ್ಯತ್ಯಾಸ ಬರೀ 0.18 ನ್ಯಾನೋಮೀಟರ್. ರಟ್ಟಿನ ಡಬ್ಬಿಗೆ ಅದು ನಿಲುಕುವುದಿಲ್ಲ, ಅದಕ್ಕೆ ಡಿವಿಡಿ ತುಂಡಿನ ಬದಲು ಒಳ್ಳೆಯ ಗ್ರೇಟಿಂಗ್ (ಬೆಳಕು ಬಿಡಿಸಲೆಂದೇ ಸಣ್ಣ ಗೀರುಗಳನ್ನು ಎಳೆದ ಫಲಕ) ಬೇಕು.