ಒಂದೇ ಮೋಟರಿನ ಉಪಗ್ರಹ ಕೇಂದ್ರ: ಬಳ್ಳಾರಿಯಲ್ಲಿ ನನ್ನ ಅನುಭವ

ಉಪಗ್ರಹದ ಬೆನ್ನು ಹತ್ತಲು ಆ್ಯಂಟೆನಾಕ್ಕೆ ಎರಡು ಮೋಟರ್ ಬೇಕೇ ಬೇಕು, ಒಂದು ದಿಕ್ಕಿಗೆ, ಇನ್ನೊಂದು ಎತ್ತರಕ್ಕೆ ಎಂದು ನಮ್ಮ ಹ್ಯಾಮ್ (ಹವ್ಯಾಸಿ ರೇಡಿಯೊ) ಮಿತ್ರರೆಲ್ಲ ಪಟ್ಟು ಹಿಡಿದಿದ್ದರು. ಅಂಥ ವಿದೇಶಿ ರೊಟೇಟರ್ (ಆ್ಯಂಟೆನಾ ತಿರುಗಿಸುವ ಯಂತ್ರ) ತರಿಸಿದರೆ ಲಕ್ಷದ ಹತ್ತಿರ ಹೋಗುತ್ತದೆ. ನಾನು ಯಾಗಿಯನ್ನು (ಕಡ್ಡಿಗಳನ್ನು ಸಾಲಾಗಿ ಜೋಡಿಸಿದ ಆ್ಯಂಟೆನಾ) 20 ಡಿಗ್ರಿ ಮೇಲ್ಮುಖವಾಗಿ ಓರೆಯಾಗಿ ಬಿಗಿದು, ದಿಕ್ಕನ್ನು ಮಾತ್ರ ತಿರುಗಿಸುತ್ತೇನೆ ಎಂದಾಗ ಹಿರಿಯರೊಬ್ಬರು, "ತಮ್ಮಾ, ಉಪಗ್ರಹ ನೆತ್ತಿಯ ಮೇಲೆ ಬಂದಾಗ ಏನು ಮಾಡುತ್ತೀಯ?" ಎಂದು ಕೇಳಿದರು. ನೆತ್ತಿಯ ಮೇಲಿದ್ದಾಗ, ನಾನು ಹಿಡಿಯಹೊರಟಿದ್ದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮಗೆ ನಾನೂರು ಚಿಲ್ಲರೆ ಕಿಲೋಮೀಟರ್ ದೂರ. ಕ್ಷಿತಿಜದಲ್ಲಿ ಎರಡು ಸಾವಿರ ದಾಟುತ್ತದೆ. ಗೇನ್ (ಒಂದು ದಿಕ್ಕಿನ ಸಂಕೇತವನ್ನು ಬಲವಾಗಿ ಹಿಡಿಯುವ ಶಕ್ತಿ) ಬೇಕಾಗುವುದು ಕ್ಷಿತಿಜದ ಕಡೆಗೆ. ಏಳು ಎಲಿಮೆಂಟಿನ (ಕಡ್ಡಿಯ) ಗಿಡ್ಡ ಯಾಗಿಯ ಬೀಮ್ (ಸಂಕೇತ ಹಿಡಿಯುವ ಹರವು) ಅಗಲವಾಗಿರುವುದರಿಂದ ಮೇಲಿನ ಸಂಕೇತ ಪಕ್ಕದಿಂದಲೇ ಧಾರಾಳವಾಗಿ ಬರುತ್ತದೆ.

ಮೋಟರಿಗೆ ಬಳ್ಳಾರಿಯಲ್ಲಿ ಬರವಿಲ್ಲ. ಅದಿರು ಲಾರಿಯ 24 ವೋಲ್ಟ್ ವೈಪರ್ ಮೋಟರ್ ಗುಜರಿಯಲ್ಲಿ ಆರೇಳುನೂರಕ್ಕೆ ಸಿಕ್ಕಿತು. 12 ವೋಲ್ಟಿನಲ್ಲಿ ನಿಧಾನ ಓಡುತ್ತದೆ, ಒಳಗಿನ ವರ್ಮ್ ಗೇರಿನಿಂದಾಗಿ ಗಾಳಿಗೆ ಆ್ಯಂಟೆನಾ ಹಿಂದಕ್ಕೆ ತಿರುಗುವುದಿಲ್ಲ. ವೇಗವನ್ನು ಇನ್ನೂ ಇಳಿಸಲು ಸೈಕಲ್ ಚೈನ್ ಹಾಕಿದೆ. ಚೈನ್ ಸಡಿಲವಾಗಿ ದಿಕ್ಕು ತಪ್ಪದಂತೆ ಮಾಡಿರುವ ಏರ್ಪಾಡನ್ನು ಸದ್ಯ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಕಡ್ಡಿಗಳನ್ನು ಹೊತ್ತ ಪಿವಿಸಿ ಬೂಮ್ ಏಪ್ರಿಲ್ ಬಿಸಿಲಿಗೆ ನಡುವೆ ಜೋತುಬಿದ್ದು ಎಲಿಮೆಂಟುಗಳೆಲ್ಲ ಸೊಟ್ಟಗಾದವು. ಅಲ್ಯೂಮಿನಿಯಂ ಚೌಕ ಪೈಪಿಗೆ ಇನ್ನೊಂದು ಸಾವಿರ ಹೋಯಿತು.

ಹೆಚ್ಚು ಕಾಡಿದ್ದು ರೇಡಿಯೊ ಗದ್ದಲ. ನಮ್ಮ ಬೀದಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳಿವೆ. ಅಲ್ಲಿನ ಸರ್ವೋ ಮೋಟರುಗಳು ಶುರುವಾದರೆ ಸಂಕೇತಗಳನ್ನು ಚಿತ್ರವಾಗಿ ತೋರಿಸುವ ವಾಟರ್‌ಫಾಲ್ ಪರದೆಯ ತುಂಬ ಅಡ್ಡಡ್ಡ ಪಟ್ಟೆಗಳು. ಕ್ಷೀಣ ಸಂಕೇತವನ್ನು ಬಲಪಡಿಸುವ ಪ್ರಿಆಂಪ್ಲಿಫೈಯರನ್ನು ಕೋಣೆಯಿಂದ ಕಿತ್ತು ಆ್ಯಂಟೆನಾದ ಬುಡಕ್ಕೇ ಕಟ್ಟಿ, ಅದರ ಮುಂದೆ ಫಿಲ್ಟರ್ ಹಾಕಿದ ಮೇಲೆಯೇ ಕಿವಿಗೆ ನೆಮ್ಮದಿ.

ಆಮೇಲೆ ನಿಲ್ದಾಣದ ರಿಪೀಟರ್ (ಕೇಳಿದ ಮಾತನ್ನು ಮರಳಿ ಬಿತ್ತರಿಸುವ ರೇಡಿಯೊ) 437.800 ಮೆಗಾಹರ್ಟ್ಸಿನಲ್ಲಿ ಕೋಟೆ ಗುಡ್ಡದ ಮರೆಯಿಂದ ಹೊರಬಂದ ಕೂಡಲೇ ಕೇಳಿಸಿತು. ಡಾಪ್ಲರಿನಿಂದ (ಹತ್ತಿರ ಬರುವಾಗ ಆವರ್ತನ ಏರಿ, ದೂರ ಹೋಗುವಾಗ ಇಳಿಯುವುದು) ಸುಮಾರು 10 ಕಿಲೋಹರ್ಟ್ಸ್ ಮೇಲೆ ಇದ್ದದ್ದು ನಿಲ್ದಾಣ ನಮ್ಮ ಆಕಾಶ ದಾಟುವ ಪಾಸ್ ಮುಗಿಯುವ ಹೊತ್ತಿಗೆ ಅಷ್ಟೇ ಕೆಳಗೆ ಇಳಿಯಿತು. ನೆತ್ತಿಯ ಬಳಿಯೂ ಮಾತು ಕಡಿಯಲಿಲ್ಲ. 145.990ರಲ್ಲಿ ರಿಪೀಟರ್ ತೆರೆಯುವ 67 ಹರ್ಟ್ಸ್ ಟೋನ್ ಸೇರಿಸಿ ಐದು ವ್ಯಾಟಿನಲ್ಲಿ ಕರೆದೆ, ಉತ್ತರವೂ ಬಂತು. ರೇಡಿಯೊ ಬಿಟ್ಟು ಒಟ್ಟು ಖರ್ಚು ಒಂಬತ್ತು ಸಾವಿರದ ಆಸುಪಾಸು. ಪ್ರಶ್ನೆ ಕೇಳಿದ ಹಿರಿಯರೇ ಈಗ ಅಳತೆ ಬರೆದುಕೊಂಡು ಹೋಗಿದ್ದಾರೆ.

ನಡುವೆ ಹಳೆಯ ಡಿಟಿಎಚ್ ತಟ್ಟೆಯನ್ನು ಪಶ್ಚಿಮಕ್ಕೆ, ಕೊಂಚ ದಕ್ಷಿಣಕ್ಕೆ, 30 ಡಿಗ್ರಿ ಎತ್ತರಕ್ಕೆ ತಿರುಗಿಸಿ ಆಕಾಶದಲ್ಲಿ ಒಂದೇ ಕಡೆ ನಿಂತಂತಿರುವ, ಹವ್ಯಾಸಿಗಳ ರೇಡಿಯೊ ಇರುವ ಉಪಗ್ರಹ ಕ್ಯೂಓ-100 ಹುಡುಕಿದೆ. ತಟ್ಟೆಯ ಮುಂದೆ ಕೂತು ಆವರ್ತನ ಇಳಿಸುವ 9.75 ಗಿಗಾಹರ್ಟ್ಸ್ ಎಲ್‌ಎನ್‌ಬಿಯಿಂದ ಅದರ ಸಂಕೇತ 739.5ರಿಂದ 740 ಮೆಗಾಹರ್ಟ್ಸಿಗೆ ಇಳಿದು ಬರುತ್ತದೆ, ಕಂಪ್ಯೂಟರಿಗೆ ಸಿಕ್ಕಿಸುವ ಅಗ್ಗದ ರೇಡಿಯೊ ಡಾಂಗಲ್ ಸಾಕು. ಮಧ್ಯಾಹ್ನದ ಕಾವಿಗೆ ಎಲ್‌ಎನ್‌ಬಿಯ ಆವರ್ತನ ಜಾರುತ್ತದೆ. ಉಪಗ್ರಹದ ಬೀಕನ್ (ಸ್ಥಿರವಾದ ಗುರುತಿನ ಸಂಕೇತ) ನೋಡಿ ಆಗಾಗ ಸರಿಪಡಿಸಿಕೊಳ್ಳಬೇಕು.